ಸಾಬವ್ವನ ನಿಂತ ದಿಂಬು

ನೆರೂಳದ ನಮ್ಮ ಆಸ್ಪತ್ರೆಯಲ್ಲಿ ದಿಂಬು ನಿಂತಿದ್ದರೆ ಹಾಸಿಗೆ ತಯಾರು ಎಂದರ್ಥ. ಮಂಚ ಒರೆಸಿ, ಚಾದರ ಬದಲಿಸಿ, ನೆಲ ಒಣಗಿದ ಮೇಲೆಯೇ ದಿಂಬನ್ನು ಗೋಡೆಗೆ ಒರಗಿಸಿ ನೆಟ್ಟಗೆ ನಿಲ್ಲಿಸುತ್ತಾರೆ. ಅದು ಮಲಗಿದ್ದರೆ ಆ ಕಡೆ ಯಾರೂ ರೋಗಿಯನ್ನು ಕಳಿಸಬಾರದು. ಈ ಕಾನೂನನ್ನು ಯಾವ ಕಾಗದದಲ್ಲೂ ಬರೆದಿಲ್ಲ. ಇದನ್ನು ಮಾಡಿದವಳು ಸಾಬವ್ವ.

ಸಾಬವ್ವ ಕಲಬುರಗಿ ಕಡೆಯವಳು. ಹತ್ತೊಂಬತ್ತು ವರ್ಷದ ಹಿಂದೆ ಇದೇ ಕಟ್ಟಡಕ್ಕೆ ಇಟ್ಟಿಗೆ ಹೊತ್ತಳು, ಕಟ್ಟಡ ಮುಗಿದ ಮೇಲೆ ಅದರೊಳಗೇ ಸ್ವಚ್ಛತೆಯ ಕೆಲಸಕ್ಕೆ ನಿಂತಳು. ಈಗ ಅವಳೂ ಸೇರಿ ಹನ್ನೆರಡು ಹೆಂಗಸರ ತಂಡಕ್ಕೆ ಅವಳೇ ಮುಖ್ಯಸ್ಥೆ. ವಿಠ್ಠಲವಾಡಿಯಿಂದ ಬೆಳಗಿನ ಲೋಕಲ್ ಹಿಡಿದು, ಠಾಣೆಯಲ್ಲಿ ಗಾಡಿ ಬದಲಿಸಿ, ಏಳಕ್ಕೆ ಸರಿಯಾಗಿ ವಾರ್ಡಿನಲ್ಲಿರುತ್ತಾಳೆ. ಎಲ್ಲರಿಗೂ ಅವಳು ಮಾವಶಿ, ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಓದು ಬರೆಹ ಬರುವುದಿಲ್ಲ, ಗಡಿಯಾರ ನೋಡಲು ಬರುತ್ತದೆ, ಸಿಟ್ಟು ಬೇಗ ಬರುತ್ತದೆ.

ಹೋದ ವರ್ಷ ಆಸ್ಪತ್ರೆಗೆ ಹೊಸ ಕಂಪ್ಯೂಟರ್ ವ್ಯವಸ್ಥೆ ಬೇಕೆಂದು ಮ್ಯಾನೇಜರ್ ಸಾಹೇಬರು ನಿಶ್ಚಯಿಸಿದರು. ಯಾವ ಹಾಸಿಗೆ ಖಾಲಿ, ಯಾವುದು ಭರ್ತಿ, ಎಲ್ಲ ಗೋಡೆಯ ಮೇಲಿನ ಪರದೆಯಲ್ಲೇ ಕಾಣಬೇಕು. ನಾಲ್ಕು ತಿಂಗಳು ಸಭೆಗಳಾದವು. ಡಾಕ್ಟರರನ್ನು ಕೇಳಿದರು, ನರ್ಸುಗಳನ್ನು ಕೇಳಿದರು, ಬಿಲ್ಲಿಂಗ್‌ನವರನ್ನು ಕೇಳಿದರು. ಅಡ್ಮಿಶನ್ ಕೌಂಟರಿನವಳೆಂದು ಈ ಮಲ್ಲಿಕಾಳನ್ನೂ, ಎಂದರೆ ನನ್ನನ್ನೂ, ಕೂರಿಸಿಕೊಂಡರು. ಬಿಸ್ಕಿಟ್ ತಿಂದು ತಲೆಯಾಡಿಸಿ ಬಂದೆ. ಹಾಸಿಗೆ ಒರೆಸುವವರನ್ನೂ ಕರೆಯೋಣ ಎಂಬ ಮಾತು ನನ್ನ ಬಾಯಿಗೂ ಬರಲಿಲ್ಲ. ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ವ್ಯವಸ್ಥೆ ಕಟ್ಟಿದವನು ಯೋಗೀಶ್. ಮನೆಯವರ ಮೂಲ ಉಡುಪಿ, ಹುಡುಗ ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಕೆಲಸ ಶುರುವಾಗುವ ಮೊದಲು ವಾರ್ಡಿನ ಫೋಟೋ ತೆಗೆಯಲು ಬಂದಿದ್ದ. ನಿಂತ ದಿಂಬುಗಳು ಅವನ ಕಣ್ಣಿಗೆ ಅಸ್ತವ್ಯಸ್ತವಾಗಿ ಕಂಡವು. ಪಾಪ, ಒಂದೊಂದನ್ನೂ ಅಂದವಾಗಿ ಮಲಗಿಸಿ ಫೋಟೋ ತೆಗೆದುಕೊಂಡು ಹೋದ. ಅಂದು ಆರು ಹಾಸಿಗೆಗಳನ್ನು ಎರಡೆರಡು ಸಲ ತೊಳೆಯಬೇಕಾಯಿತು.

"ಯಾರಂವ, ನನ್ನ ದಿಂಬಿಗಿ ಕೈ ಹಚ್ಚಿದಂವ?" ಎಂದು ಸಾಬವ್ವ ಲಿಫ್ಟಿನ ತನಕ ಬೆನ್ನಟ್ಟಿದಳು. ಅವನು ಕೈಮುಗಿದು ತಪ್ಪಾಯಿತು ಎಂದ. ದಿಂಬು ಯಾಕೆ ನಿಂತಿತ್ತು ಎಂದು ಮಾತ್ರ ಕೇಳಲಿಲ್ಲ.

ಪರದೆ ಶುರುವಾಯಿತು. ಕೆಂಪು ಎಂದರೆ ಭರ್ತಿ, ಹಸಿರು ಎಂದರೆ ಖಾಲಿ. ಡಾಕ್ಟರು ಡಿಸ್ಚಾರ್ಜಿಗೆ ಒತ್ತಿದ ಕೂಡಲೇ ಹಾಸಿಗೆ ಹಸಿರಾಗುತ್ತಿತ್ತು, ಪಕ್ಕದಲ್ಲೇ ಗಡಿಯಾರ ಓಡುತ್ತಿತ್ತು. ಹಸಿರು ನಂಬಿ ನಾನು ಮೊದಲ ವಾರದಲ್ಲೇ ಮೂವರು ರೋಗಿಗಳನ್ನು ತೊಳೆಯದ ಹಾಸಿಗೆಗೆ ಕಳಿಸಿದೆ. ಪರದೆ ಏನು ಹೇಳಿತು ಗೊತ್ತೇ? ಸ್ವಚ್ಛತಾ ತಂಡದ ವಿಳಂಬ, ಎರಡು ಗಂಟೆ ಹತ್ತು ನಿಮಿಷ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ತಿಂಗಳ ಕೊನೆಯೊಳಗೆ ಇದು ಸರಿಹೋಗದಿದ್ದರೆ ಬೇರೆ ತಂಡವನ್ನು ತರುತ್ತೇವೆ ಎಂದು ಸಾಹೇಬರು ಹೇಳಿಬಿಟ್ಟರು. ಹನ್ನೆರಡು ಮನೆಗಳ ಅನ್ನದ ಪ್ರಶ್ನೆ. ತಂಡಕ್ಕೆ ಹೊಸದಾಗಿ ಸೇರಿದ್ದ ಭಾಗ್ಯಾ ಚಾದರದ ಕೋಣೆಯಲ್ಲಿ ಕೂತು ಅತ್ತಳು.

ಸಾಬವ್ವ ಅಳುವ ಪೈಕಿಯಲ್ಲ. "ಕಣ್ಣ ಒರಸ್ಕೊ. ನಮ್ಮ ಕೆಲ್ಸದಾಗ ತಪ್ಪಿಲ್ಲ, ಅವರ ಲೆಕ್ಕದಾಗ ಅದ," ಎಂದವಳೇ ಮಾಪು ಹಿಡಿದುಕೊಂಡೇ ಸಾಹೇಬರ ಕೋಣೆಗೆ ನಡೆದಳು. ಯೋಗೀಶ್ ಅಲ್ಲೇ ಇದ್ದ. ಇಬ್ಬರನ್ನೂ ಎಬ್ಬಿಸಿ ವಾರ್ಡಿಗೆ ಕರೆತಂದಳು. ನಾನೂ ಹಿಂದೆ ಹೋದೆ.

"ಹದಿನಾಕನೇ ಹಾಸಗಿ ಖಾಲಿ ಆಗಿ ಎಷ್ಟು ಹೊತ್ತಾತಂತ ನಿಮ್ಮ ಟಿವಿ ಹೇಳ್ತದ?" ಎಂದು ಯೋಗೀಶನನ್ನು ಕೇಳಿದಳು.

ಅವನು ಮೊಬೈಲ್ ನೋಡಿ, "ಐವತ್ತು ನಿಮಿಷ ಆಯ್ತು ಮಾವಶಿ," ಎಂದ.

ಹದಿನಾಲ್ಕನೇ ಹಾಸಿಗೆಯ ಮೇಲೆ ಒಬ್ಬ ಅಜ್ಜಿ ಕಾಲು ಮಡಚಿ ಕೂತು ಡಬ್ಬಿಯಿಂದ ಪೋಹೆ ತಿನ್ನುತ್ತಿದ್ದರು. ಸಾಬವ್ವ ಮರಾಠಿಯಲ್ಲಿ, ಆಜಿ, ನೀವು ಮನೆಗೆ ಹೋಗಿ ಮುಟ್ಟಿದಿರಾ ಎಂದು ಕೇಳಿದಳು. ಮಗ ಔಷಧಿ ತರಲು ಹೋಗಿದ್ದಾನೆ, ರಿಕ್ಷಾ ಸಿಕ್ಕ ಮೇಲೆ ಹೊರಡುತ್ತೇನೆ ಎಂದರು ಅಜ್ಜಿ.

"ಇವರನ್ನೂ ಒರಸಿ ತೆಗೀಲೇನ್ರಿ ಸರ?"

ಯೋಗೀಶ್ ಅದನ್ನು ಹಿಂದಿಯಲ್ಲಿ ಹೇಳಿದಾಗ ಸಾಹೇಬರು ನಗು ತಡೆದುಕೊಂಡರು. ನನಗೆ ತಡೆಯಲಾಗಲಿಲ್ಲ.

"ಮನಷ್ಯಾ ಹೋಗೋದು ಬ್ಯಾರೆ, ಹಾಸಗಿ ತಯಾರಾಗೋದು ಬ್ಯಾರೆ," ಎಂದಳು ಸಾಬವ್ವ, ಕಡ್ಡಿ ಮುರಿದ ಹಾಗೆ. "ನಡುವ ನಾವು ಹನ್ನೆರಡು ಮಂದಿ ಇದ್ದೀವಿ. ನಿಮ್ಮ ಟಿವಿದಾಗ ನಾವೇ ಇಲ್ಲ."

ಯೋಗೀಶ್ ಸುತ್ತ ನೋಡಿದ. ಹದಿನಾರನೇ ಹಾಸಿಗೆಯಲ್ಲಿ ದಿಂಬು ನಿಂತಿತ್ತು. "ಮಾವಶಿ, ಈ ದಿಂಬು ಯಾಕೆ ಹೀಗೆ ನಿಂತದ್ದು?" ಎಂದು ಮೆಲ್ಲಗೆ ಕೇಳಿದ.

"ಈಗ ಕೇಳಿದಿ ನೋಡು," ಎಂದು ಅವನಿಗೆ ಸ್ಟೂಲು ಎಳೆದು ಕೊಟ್ಟಳು. ಒಂದು ಗಂಟೆ ಅವಳು ಹೇಳಿದಳು, ಅವನು ಬರೆದುಕೊಂಡ.

ಮುಂದಿನ ವಾರ ಪರದೆಗೆ ಹಳದಿ ಬಣ್ಣ ಬಂತು. ರೋಗಿ ನಿಜವಾಗಿ ಎದ್ದು ಹೋದ ಮೇಲೆ ನರ್ಸ್ ಒತ್ತಿದರೆ ಹಳದಿ, ಗಡಿಯಾರ ಓಡುವುದು ಆಗಿನಿಂದ. ದಿಂಬು ನಿಲ್ಲಿಸಿದ ಮೇಲೆ ತಂಡದವರು ಮೊಬೈಲಿನಲ್ಲಿ ಒತ್ತಿದರೆ ಮಾತ್ರ ಹಸಿರು. ಅರ್ಧ ಮಂದಿಗೆ ಅಕ್ಷರ ಬಾರದೆಂದು ಒತ್ತುವ ಗುಂಡಿಯ ಮೇಲೆ ಯೋಗೀಶ್ ನಿಂತ ದಿಂಬಿನ ಚಿತ್ರವನ್ನೇ ಹಾಕಿದ. ತಿಂಗಳ ಕೊನೆಗೆ ನೋಡಿದರೆ ಒಂದು ಹಾಸಿಗೆಗೆ ಹಿಡಿಯುತ್ತಿದ್ದದ್ದು ಇಪ್ಪತ್ತೈದೇ ನಿಮಿಷ. ತಂಡ ಉಳಿಯಿತು. ಭಾಗ್ಯಾ ನನ್ನ ಕೌಂಟರಿಗೆ ಪೇಢಾ ತಂದಿಟ್ಟಳು.

ಆಮೇಲೆ ವ್ಯವಸ್ಥೆಯಲ್ಲಿ ಏನು ಬದಲಾದರೂ ಯೋಗೀಶ್ ಮೊದಲು ಸಾಬವ್ವನಿಗೆ ತೋರಿಸುತ್ತಾನೆ. ಮಳೆಗಾಲದಲ್ಲಿ ನೆಟ್ ಹೋಗಿ ಪರದೆ ಕಪ್ಪಾದ ದಿನ ಇಡೀ ಆಸ್ಪತ್ರೆ ದಿಂಬು ನೋಡಿಯೇ ನಡೆಯಿತು.

ಹೋದ ವಾರ ರೋಗಿಗಳ ಊಟಕ್ಕೂ ಹೀಗೊಂದು ವ್ಯವಸ್ಥೆ ಮಾಡಲು ಸಭೆ ಕರೆದರು. ಸಾಬವ್ವನಿಗೂ ಕುರ್ಚಿ ಹಾಕಿದ್ದರು. ಅವಳು ಸೆರಗು ಸರಿಮಾಡಿಕೊಂಡು ಕೂತು ಮೇಜಿನ ಸುತ್ತ ನೋಡಿದಳು.

"ಅಡಗಿ ಮನಿ ಪೂವಪ್ಪಣ್ಣ ಎಲ್ಲಿ?"

ಯೋಗೀಶ್ ಅದನ್ನು ಹಿಂದಿಯಲ್ಲಿ ಹೇಳಿದ. ಅಡುಗೆಯವನಿಗೆ ಆಮೇಲೆ ತಿಳಿಸೋಣ ಎಂದರು ಸಾಹೇಬರು.

"ಹಂಗಾದ್ರ ನಾನೂ ಆಮ್ಯಾಲೇ ಬರ್ತೀನ್ರಿ," ಎಂದು ಅವಳು ಎದ್ದೇ ಬಿಟ್ಟಳು.

ಸಾಹೇಬರು ತಾವೇ ಅಡುಗೆಮನೆಗೆ ಫೋನ್ ಮಾಡಿದರು. ಐದು ನಿಮಿಷದಲ್ಲಿ ಪೂವಪ್ಪ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತ. ಒಳಗೆ ಖಾಲಿ ಕುರ್ಚಿ ಇರಲಿಲ್ಲ. ನಾನು ಎದ್ದು ನನ್ನದನ್ನು ಕೊಟ್ಟೆ, ಬಿಸ್ಕಿಟ್ ತಟ್ಟೆಯನ್ನೂ ಅವನ ಕಡೆ ಸರಿಸಿದೆ.