ಏಸಿ ನೀರಿನ ಪ್ರದರ್ಶನ

ಪಾಂಡವಪುರದ ನಮ್ಮ ಮನೆಗೆ ಕಳೆದ ಬೇಸಿಗೆಯಲ್ಲಿ ಏಸಿ ಬಂತು. ಅದರ ಪೈಪಿನಿಂದ ಹಿತ್ತಿಲಲ್ಲಿ ತೊಟ್ಟಿಕ್ಕುವ ನೀರಿಗೆ ಬಕೆಟ್ ಇಟ್ಟೆ. ಆ ನೀರನ್ನು ನೆಲ ಒರೆಸಲು ಹೆಂಡತಿಗೆ ಕೊಟ್ಟು, ಬಂದವರಿಗೆಲ್ಲ ನೀರುಳಿತಾಯದ ಉಪದೇಶ ಮಾಡತೊಡಗಿದೆ.

ಒಂದು ಮಧ್ಯಾಹ್ನ ಶೀಳನೆರೆಯಿಂದ ಬಾಮೈದ ಬಂದ. ಅವನನ್ನೂ ಹಿತ್ತಿಲಿಗೆ ಎಳೆದುಕೊಂಡು ಹೋದರೆ ಬಕೆಟ್ ಖಾಲಿ. ನಾನು ಬಿಡುವವನೇ? ಒಳಗೆ ಏಸಿ ಹಾಕಿ, ರೂಮಿನ ಬಾಗಿಲು ಮುಚ್ಚಿ ಬಂದೆ. ನೀರು ಬೀಳುವುದನ್ನೇ ಕಾಯುತ್ತ ಇಬ್ಬರೂ ಬಿಸಿಲಲ್ಲಿ ನಿಂತೆವು.

ಮಜ್ಜಿಗೆ ತಂದ ಹೆಂಡತಿ, "ಖಾಲಿ ರೂಮ್ಗೆ ಏಸಿ ಆಕ್ಬುಟ್ಟು ಇಲ್ಯಾಕ್ರೀ ಬೇಯ್ತಾ ಇದ್ದೀರಿ?" ಎಂದಳು.

"ನೀರು ಅದರ ಪಾಡ್ಗೆ ಬೀಳ್ಲಿ ಬುಡಿ ಭಾವ, ನಾವು ಒಳೀಕ್ ಓಗವ," ಎಂದ ಬಾಮೈದ, ಬೆವರು ಒರೆಸಿಕೊಳ್ಳುತ್ತ.

ಒಳಗೆ ಹೋಗಿ ಮಲಗಿದ ನಮಗೆ ಸಂಜೆಯವರೆಗೂ ಎಚ್ಚರವಾಗಲಿಲ್ಲ. ಅಷ್ಟರಲ್ಲಿ ಬಕೆಟ್ ತುಂಬಿತ್ತು; ಅಂದು ಆ ನೀರಿನಲ್ಲಿ ನೆಲ ಒರೆಸುವ ಕೆಲಸ ನನ್ನ ಪಾಲಿಗೇ ಬಿತ್ತು.