ಗುರುವಾರದ ಕಾರಿಗೆ ಒಂದು ಹೆಸರು

ನಮ್ಮ ಬಾಡಿಗೆ ಕಾರಿನ ಕಂಪನಿಯಲ್ಲಿ ಅವಳನ್ನು ಎಲ್ಲರೂ ದಂಡಮ್ಮ ಎಂದೇ ಕರೆಯುತ್ತಿದ್ದರು. ಗಿರಾಕಿಗಳು ಕಂಡಕಂಡಲ್ಲಿ ಕಾರು ನಿಲ್ಲಿಸಿದರೆ ದಂಡದ ಚೀಟಿ ಬರುವುದು ಕಂಪನಿಯ ವಿಳಾಸಕ್ಕೆ. ಆ ಹೊತ್ತಿನಲ್ಲಿ ಕಾರು ಯಾರ ಕೈಯಲ್ಲಿತ್ತು ಎಂದು ಹುಡುಕಿ ಅವರ ಹೆಸರು, ವಿಳಾಸವನ್ನು ಸಂಚಾರ ಕಚೇರಿಗೆ ಬರೆದು ಕಳಿಸಿದರೆ ದಂಡ ಅವರ ಹೆಗಲೇರುತ್ತದೆ. ನಮ್ಮಲ್ಲಿ ಇದಕ್ಕೆ 'ಹೆಸರು ಕೊಡುವುದು' ಎನ್ನುತ್ತಾರೆ. ಕೆಲವು ಕಂಪನಿಗಳು ಗಿರಾಕಿಗೆ ಒಂದು ಮಾತೂ ಹೇಳದೆ ಕಾರ್ಡಿನಿಂದ ಹಣ ಎಳೆದುಕೊಳ್ಳುತ್ತವಂತೆ, ದರಿದ್ರದವು. ದಂಡಮ್ಮ ಮೊದಲು ಫೋನು ಮಾಡುತ್ತಿದ್ದಳು.

"ನೋಡಿ, ನಿಮ್ಮ ಹೆಸರು ಕೊಡ್ತಾ ಇದೀನಿ. ಫೋಟೋ ಕಳಿಸ್ತೀನಿ. ನೀವಲ್ಲ ಅನ್ನೋದಾದ್ರೆ ಈಗ್ಲೇ ಹೇಳಿ."

ಅವರು ಬೈದು ಬೈದು ಸುಸ್ತಾಗುವವರೆಗೆ ರಿಸೀವರನ್ನು ಮೇಜಿನ ಮೇಲೆ ಮಲಗಿಸಿ ಟೀ ಕುಡಿಯುತ್ತಿದ್ದಳು. ಆದರೆ ಸುಳ್ಳು ಹೆಸರನ್ನು ಅವಳು ಒಮ್ಮೆಯೂ ಕೊಟ್ಟವಳಲ್ಲ.

ನಾನು ಅಲ್ಲಿ ಕಾರು ತೊಳೆಯುವವಳು. ಅಂಗಳದ ಕಾವಲು, ಕೀಲಿ ತೂಗುವ ಹಲಗೆ ಎರಡೂ ನನ್ನಣ್ಣನ ಪಾಲಿನವು. ದಂಡಮ್ಮನ ಗಂಡ ಅದೇ ಕಂಪನಿಯಲ್ಲಿ ಡ್ರೈವರಾಗಿದ್ದ, ಗಿರಾಕಿಗಳ ಮನೆ ಬಾಗಿಲಿಗೆ ಕಾರು ಮುಟ್ಟಿಸುವ ಕೆಲಸ. ಅವನು ತೀರಿಕೊಂಡ ಮೇಲೆ ಅವಳಿಗೆ ಈ ಕುರ್ಚಿ ಸಿಕ್ಕಿತು. "ಅವರು ಇರೋವರೆಗೂ ದಂಡ ಹಾಕಿಸ್ಕೊಂಡ್ರು, ನಾನು ಸಾಯೋವರೆಗೂ ದಂಡ ಬರೀತೀನಿ" ಎಂದು ಅವಳೇ ನಗುತ್ತಿದ್ದಳು. ಅದಕ್ಕಿಂತ ಹೆಚ್ಚು ಕೇಳಿದರೆ ಬಾಯಿಗೆ ಬೀಗ.

ಹೀಗಿರುವಾಗ ನಮ್ಮ ಬೂದು ಕಾರಿಗೆ ಒಂದು ಚೀಟಿ ಬಂತು. ಗುರುವಾರ ಸಂಜೆ, ಗುಂಡಿ, ಜಿಪ್ಪು ಮಾರುವ ಅಂಗಡಿಯ ಎದುರು, ನಿಲ್ಲಿಸಬಾರದ ಜಾಗದಲ್ಲಿ. ಆವತ್ತು ಆ ಕಾರನ್ನು ಯಾರೂ ಬಾಡಿಗೆಗೆ ತೆಗೆದುಕೊಂಡಿರಲಿಲ್ಲ. ಅದು ನನ್ನ ಸೋಪಿನ ನೊರೆಯಲ್ಲೇ ನಿಂತಿತ್ತು. ನಂಬರು ತಪ್ಪಿರಬೇಕು ಎಂದು ದಂಡಮ್ಮ ಬರೆದು ಹಾಕಿದಳು. ಮರುವಾರ ಇನ್ನೊಂದು, ಅದರಾಚೆ ಮತ್ತೊಂದು. ಫೋಟೋದಲ್ಲಿ ಹಿಂದಿನ ಬಾಗಿಲ ಮೇಲೆ ಗೀರು ಕಾಣುತ್ತಿತ್ತು. ದಿನಾ ಒರೆಸುವ ಗೀರು ನನಗೆ ಗೊತ್ತಾಗುವುದಿಲ್ಲವೇ?

ಯಜಮಾನ ಹೊಸಬ. "ಕಾರಿಗೇನು ಕಾಲು ಬಂತಾ? ಕೀಲಿ ಇಟ್ಕೊಂಡವನೇ ಓಡಿಸ್ತಾ ಇರೋದು" ಎಂದು ನೇರ ಅಣ್ಣನ ಕಡೆ ಬೆರಳು ತೋರಿಸಿದ.

"ಸಾರ್, ಅವನಿಗೆ ಸೈಕಲ್ಲೇ ನೆಟ್ಟಗೆ ಬರಲ್ಲ!" ಎಂದೆ.

"ಹಾಗಾದ್ರೆ ಯಾರಿಗೋ ಕದ್ದು ಕೊಡ್ತಿದಾನೆ. ಇನ್ನೊಂದು ಚೀಟಿ ಬರ್ಲಿ, ಇವನ ಹೆಸರು ಕೊಡಿ. ಅವತ್ತೇ ಇವನು ಮನೆಗೆ."

ಅಣ್ಣ ತಲೆ ತಗ್ಗಿಸಿ ನಿಂತ. ಈ ವಯಸ್ಸಿನಲ್ಲಿ, ಅದೂ ಕಳ್ಳನೆಂಬ ಹಣೆಪಟ್ಟಿ ಹಚ್ಚಿಕೊಂಡು ಹೋದರೆ, ಅವನಿಗೆ ಇನ್ನಾರು ಕೆಲಸ ಕೊಡುತ್ತಾರೆ? ನನಗೆ ಮೈಯೆಲ್ಲ ಉರಿಯಿತು.

ಮುಂದಿನ ಗುರುವಾರ ಮಧ್ಯಾಹ್ನದಿಂದಲೇ ಕೀಲಿಯನ್ನು ಕುತ್ತಿಗೆಯ ದಾರಕ್ಕೆ ಕಟ್ಟಿಕೊಂಡು ಆ ಕಾರಿನ ಮೂತಿಯ ಮೇಲೆ ಕೂತೆ. ಯಾವನು ಬರುತ್ತಾನೋ ಬರಲಿ! ಯಾರೂ ಬರಲಿಲ್ಲ. ಅಂಗಳದಿಂದ ಬಿಸಿಲು ಸರಿದು ಎಷ್ಟೋ ಹೊತ್ತಾದ ಮೇಲೆ ನನ್ನ ಕೆಳಗಿನ ತಗಡು ಬೆಚ್ಚಗಾಯಿತು, ದೂರದಿಂದ ಬಂದು ನಿಂತ ಕಾರಿನ ಹಾಗೆ. ನನ್ನ ಮೈ ಬಿಸಿಯೇ ಇರಬೇಕು ಎಂದುಕೊಂಡೆ. ಆದರೂ ಇಳಿದುಬಿಟ್ಟೆ.

ಚೀಟಿ ಬಂತು.

ದಂಡಮ್ಮ ಭೂತಗನ್ನಡಿ ಹಿಡಿದು ಫೋಟೋದ ಮೇಲೆ ಬಾಗಿದಳು. ಈ ಸಲ ಡ್ರೈವರಿನ ಕಿಟಕಿಯಿಂದ ಒಂದು ಮೊಣಕೈ ಹೊರಗೆ ಚಾಚಿತ್ತು. ಗಡಿಯಾರ ಬಲಗೈಯಲ್ಲಿ.

"ನಮ್ಮನೆಯವರು. ಬಲಗೈಗೆ ಗಡಿಯಾರ ಕಟ್ಟೋರು ಇವರೇ" ಎಂದಳು.

ಆಮೇಲೆ ಅವಳೇ ಹೇಳಿದಳು. "ನಾನು ಮುಂಚೆ ಆ ಗುಂಡಿ ಅಂಗಡೀಲೇ ಇದ್ದೆ ಕಣೇ. ಪ್ರತಿ ಗುರುವಾರ ಅವರು ಕಂಪನಿ ಕಾರು ತಂದು ಎದುರಿಗೇ ನಿಲ್ಸೋರು, ನನ್ನ ಕರ್ಕೊಂಡು ಹೋಗೋಕೆ. ಪ್ರತಿ ಸಲ ದಂಡ. ಎಷ್ಟು ಹೇಳಿದ್ರೂ ಕೇಳ್ತಿರ್ಲಿಲ್ಲ. ಒಂದಿನ ಬುದ್ಧಿ ಬರ್ಲಿ ಅಂತ ಅಂಗಡಿ ಹಿಂದಿನ ಬಾಗಿಲಿಂದ ಹೊರಟು ಬಸ್ಸು ಹತ್ತಿ ಮನೆಗೆ ಹೋದೆ. ಅವರು ಕಾದ್ರು. ಅಲ್ಲೇ, ಇದೇ ಕಾರಲ್ಲಿ, ಎದೆ ನಿಂತೋಯ್ತು. ಮಲಗಿದಾರೆ ಅಂದ್ಕೊಂಡು ಪೊಲೀಸಿನವನು ಗಾಜಿಗೆ ಚೀಟಿ ಸಿಕ್ಕಿಸಿ ಹೋಗಿದ್ದ."

ಅಳಲಿಲ್ಲ. ಪೆನ್ನು ತೆಗೆದು ಹೆಸರಿನ ಜಾಗದಲ್ಲಿ ಗಂಡನ ಹೆಸರು ಬರೆದಳು. ವಿಳಾಸ, ಅವಳ ಮನೆಯದೇ.

"ಯಾರಿದು?" ಎಂದ ಯಜಮಾನ.

"ಕಾರು ತಗೊಂಡು ಹೋದೋರು. ಕಾವಲಿನವರ ತಪ್ಪೇನಿಲ್ಲ."

ದಂಡಮ್ಮ ಕೊಟ್ಟ ಹೆಸರು ಎಂದ ಮೇಲೆ ಮುಗಿಯಿತು, ಸಹಿ ಹಾಕಿದ. ಅಣ್ಣನ ಕೆಲಸ ಉಳಿಯಿತು. ನಾನು ಅವಳ ಕೈ ಹಿಡಿದುಕೊಂಡೆ, ಮಂಜಿನಷ್ಟು ತಣ್ಣಗಿತ್ತು.

ಗುರುವಾರ ಬಂತು. ದಂಡಮ್ಮ ಅರ್ಧ ದಿನದ ರಜೆ ಬರೆದು, ಕೈತೊಳೆಯುವ ಜಾಗದ ಕನ್ನಡಿಯ ಎದುರು ತಲೆ ಬಾಚಿಕೊಂಡಳು.

"ಹುಚ್ಚಾ ನಿಂಗೆ? ಹೋಗ್ಬೇಡ" ಎಂದೆ. ನಿಜವಾಗಿ ಹೆದರಿದ್ದೆ.

"ಇನ್ನೆಷ್ಟು ದಿನ ಕಾಯಿಸ್ಲಿ? ಗುಂಡಿ ಅಂಗಡಿಯವರಿಗೆ ಹೇಳಿದೀನಿ, ಒಳಗೆ ಒಂದು ಗಳಿಗೆ ಕೂತು ಮುಂದಿನ ಬಾಗಿಲಿಂದ ಬರ್ತೀನಿ."

ನಾನು ಬೂದು ಕಾರನ್ನು ಬಿಟ್ಟು ಕದಲಲಿಲ್ಲ. ಕೀಲಿ ನನ್ನ ಕುತ್ತಿಗೆಯಲ್ಲೇ ಇತ್ತು. ಸಂಜೆ ಗಾಜು ಒರೆಸುತ್ತಿದ್ದೆ. ಒಳಗೆ, ಡ್ರೈವರಿನ ಪಕ್ಕದ ಸೀಟು ಮೆಲ್ಲಗೆ ಕುಸಿಯಿತು. ಯಾರೋ ಕೂತಂತೆ. ಬೆಲ್ಟು ತಾನಾಗಿ ಸರಿದು ಬಂದು ಕಟ್ ಎಂದು ಸಿಕ್ಕಿಕೊಂಡಿತು. ಬಟ್ಟೆ ನನ್ನ ಕೈಯಿಂದ ಬಿತ್ತು. "ಅಣ್ಣಾ!" ಎಂದು ಕೂಗಿದೆನೋ ಕಿರುಚಿದೆನೋ. ಅವನು ಓಡಿ ಬಂದ. ಬಾಗಿಲಿಗೆ ಬೀಗವಿತ್ತು, ಬೆಲ್ಟು ಕಟ್ಟಿಯೇ ಇತ್ತು.

ಮಾರನೇ ದಿನ ದಂಡಮ್ಮ ಎಂದಿನಂತೆ ಬಂದಳು, ಬೆಂಚಿನ ಮೇಲೆ ನನ್ನ ಪಕ್ಕ ಕೂತು ಡಬ್ಬಿ ಖಾಲಿ ಮಾಡಿದಳು. ನನ್ನ ಡಬ್ಬಿಗೂ ಕೈ ಹಾಕಿದಳು. ಏನಾಯಿತು ಎಂದು ಕೇಳದೆ ನಾನು ಡಬ್ಬಿಯನ್ನೇ ಅವಳ ಕಡೆ ಸರಿಸಿದೆ.

ಆ ಬೀದಿಯಿಂದ ಮತ್ತೆ ಒಂದೇ ಚೀಟಿ ಬಂದದ್ದು, ಅದೇ ಕೊನೆಯದು. ಫೋಟೋದಲ್ಲಿ ಮೊಣಕೈ ಇತ್ತು, ಗಡಿಯಾರ ಇತ್ತು, ಪಕ್ಕದ ಸೀಟಿನಲ್ಲಿ ಬಾಚಿದ ತಲೆಯೊಂದು ಅವನ ಕಡೆ ತಿರುಗಿತ್ತು. ದಂಡಮ್ಮ ಅದನ್ನು ತುಂಬಾ ಹೊತ್ತು ನೋಡಿದಳು. ಯಾರಿಗೂ ಫೋನು ಮಾಡಲಿಲ್ಲ. ಹೆಸರಿನ ಜಾಗದಲ್ಲಿ ತನ್ನ ಹೆಸರು ಬರೆದಳು.

"ಅಲ್ಲ, ಕಾರು ನಿಲ್ಸಿದ್ದು ಅವರಲ್ವೇನೇ?" ಎಂದೆ.

"ನಿಲ್ಸಿದ್ದು ಅವರೇ" ಎಂದಳು ದಂಡಮ್ಮ. "ಕಾಯಿಸಿದ್ದು ನಾನು."