ಏಳನೆಯ ನರ, ಎದುರು ಬಾಲ್ಕನಿ

ಠಣ್ ಅಂತ ಒಂದು ಸದ್ದು. ಅಡುಗೆಮನೆಯಲ್ಲಿ ಮಗಳ ಕೈಯಿಂದ ಸ್ಟೀಲ್ ತಟ್ಟೆ ಜಾರಿ ಸಿಂಕಿಗೆ ಬಿದ್ದ ಸದ್ದು, ಅಷ್ಟೇ. ಆದರೆ ಆ ಬೆಳಿಗ್ಗೆ ಅದು ನನ್ನ ಎಡಗಿವಿಯೊಳಗೆ ನಮ್ಮ ಕಾನ್ವೆಂಟಿನ ಚಾಪೆಲ್ ಗಂಟೆಯನ್ನೇ ತಂದು ನೇತುಹಾಕಿ ಬಾರಿಸಿದ ಹಾಗೆ ಕೇಳಿಸಿತು. ಎರಡೂ ಕಿವಿ ಮುಚ್ಚಿಕೊಂಡೆ.

"ತಟ್ಟೆ ತಾನೇ ಅಮ್ಮ ಬಿದ್ದಿದ್ದು, ಏನ್ ಹಂಗೆ ಬೆಚ್ಚಿಬೀಳ್ತೀಯ?" ಅಂದಳು ಮಗಳು.

ಬಲಗಿವಿಗೆ ಅದು ತಟ್ಟೆಯ ಸದ್ದೇ. ಎಡಗಿವಿಗೆ ಮಾತ್ರ ಗಂಟೆ. ಹೌ ಸ್ಟ್ರೇಂಜ್, ಅಂದುಕೊಂಡು ಬಾಯಿ ಮುಕ್ಕಳಿಸಲು ಹೋದೆ. ನೀರು ತುಟಿಯ ಎಡತುದಿಯಿಂದ ಸೋರಿ ನೈಟಿ ಒದ್ದೆಯಾಯಿತು. ಕನ್ನಡಿ ನೋಡಿದೆ. ಬಲಗಡೆ ನಾನೇ ಇದ್ದೆ. ಎಡಗಡೆ ನನ್ನದೇ ಬಣ್ಣದ, ನನ್ನದೇ ಮಚ್ಚೆಯ, ಆದರೆ ಇಸ್ತ್ರಿ ಹಾಕಿಟ್ಟಂಥ ಮುಖ. ಹಣೆಯ ಗೆರೆಗಳು ಮೂಗಿನ ನೇರಕ್ಕೆ ಬಂದು ನಿಂತುಬಿಟ್ಟಿದ್ದವು. ಎಪ್ಪತ್ತು ದಾಟಿದವಳಿಗೆ ಅರ್ಧ ಮುಖದ ಸುಕ್ಕು ಒಂದೇ ರಾತ್ರಿಗೆ ಮಾಯವಾದರೆ ನಗಬೇಕೋ ಅಳಬೇಕೋ? ಅಳು ಆಗಲೇ ಶುರುವಾಗಿತ್ತು ಅನ್ನಿ. ಎಡಗಣ್ಣು ಮುಚ್ಚಲಾರದೆ ತನ್ನ ಪಾಡಿಗೆ ತಾನು ನೀರು ಸುರಿಸುತ್ತಿತ್ತು.

ಮಗಳು ಲಕ್ವಾ ಅಂದುಕೊಂಡಳು. ಹೆಬ್ಬಾಳದ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಕಾರಿನಲ್ಲಿ ನನ್ನ ಕೈ ಹಿಡಿದುಕೊಂಡು, "ಬೆರಳು ಹಿಸುಕು, ಗಟ್ಟಿಯಾಗಿ ಹಿಸುಕು" ಅನ್ನುತ್ತಲೇ ಇದ್ದಳು. ಡಾಕ್ಟರು ಕೈಕಾಲು ಎಲ್ಲ ಪರೀಕ್ಷೆ ಮಾಡಿ, ಕೊನೆಗೆ "ಹುಬ್ಬು ಎತ್ತಿ ಅಮ್ಮ" ಅಂದರು. ಎತ್ತಿದೆ. ಬಲಹುಬ್ಬು ಹೋಯಿತು, ಎಡದ್ದು ಕದಲಲಿಲ್ಲ. ಡಾಕ್ಟರ ಮುಖ ಅರಳಿತು. ಅರ್ಧ ಹಣೆ ಕೆಲಸ ಮಾಡಲಿಲ್ಲ ಅಂತ ಖುಷಿಪಟ್ಟ ಮನುಷ್ಯನನ್ನು ನಾನು ಅವತ್ತೇ ನೋಡಿದ್ದು.

ಯಾಕೆ ಅಂತ ಕೇಳದೆ ಬಿಡುವವಳಲ್ಲ ನಾನು. ಹಣೆಗೆ ಮೆದುಳಿನ ಎರಡೂ ಭಾಗದಿಂದ ಅಪ್ಪಣೆ ಬರುತ್ತದಂತೆ. ಒಂದು ಕಡೆ ಹೋದರೆ ಇನ್ನೊಂದು ಕಡೆ ಇನ್ವರ್ಟರ್ ಇದ್ದ ಹಾಗೆ. ಆದ್ದರಿಂದ ಮೆದುಳಿಗೇ ಪೆಟ್ಟು ಬಿದ್ದು ಬಾಯಿ ಸೊಟ್ಟಗಾದರೆ ಸಾಮಾನ್ಯವಾಗಿ ಹಣೆ ಮಾತ್ರ ಮೊದಲಿನ ಹಾಗೇ ಸುಕ್ಕುಗಟ್ಟುತ್ತದೆ. ಹಣೆಯೂ ಮಲಗಿದ್ದರೆ ತೊಂದರೆ ಇರುವುದು ಮೆದುಳಿನಲ್ಲಲ್ಲ, ಅಲ್ಲಿಂದ ಹೊರಟ ನರದಲ್ಲಿ. ಮೆದುಳಿನಿಂದ ಹೊರಡುವ ಹನ್ನೆರಡು ಜೋಡಿ ನರಗಳಲ್ಲಿ ಅದು ಏಳನೆಯದು. ಕಿವಿಯ ಹಿಂದೆ ಮೂಳೆಯೊಳಗಿನ ಕಿರಿದಾದ ಸಂದಿಯಲ್ಲಿ ಹಾದು ಬರುತ್ತದೆ. ಅಲ್ಲಿ ಊದಿಕೊಂಡು ಸಿಕ್ಕಿಹಾಕಿಕೊಂಡಿದೆ. "ನಮ್ಮ ಹೆಬ್ಬಾಳ ಫ್ಲೈಓವರ್ ಥರ" ಅಂದರು ಡಾಕ್ಟರು. ಮಾತ್ರೆ ಬರೆದರು, ಕಣ್ಣಿಗೆ ಡ್ರಾಪ್ಸ್ ಕೊಟ್ಟರು, ಮಲಗುವಾಗ ರೆಪ್ಪೆಗೆ ಟೇಪ್ ಅಂಟಿಸಲು ಹೇಳಿದರು. ಹೆಚ್ಚಿನವರಿಗೆ ವಾಪಸ್ ಬರುತ್ತೆ, ನಿಧಾನಕ್ಕೆ ಬರುತ್ತೆ ಅಂದರು.

"ತಟ್ಟೆ ಗಂಟೆಯ ಹಾಗೆ ಕೇಳಿಸಿತಲ್ಲ ಡಾಕ್ಟರ್?"

"ಅದೂ ಇದೇ ನರ. ಕಿವಿಯೊಳಗೆ ಒಂದು ಚಿಕ್ಕ ಸ್ನಾಯು ಇದೆ. ಜೋರು ಸದ್ದು ಬಂದಾಗ ಅದನ್ನು ಹಿಡಿದು ತಗ್ಗಿಸುತ್ತೆ. ಈಗ ಹಿಡಿಯೋರಿಲ್ಲ."

ಮುಖದ ನರಕ್ಕೆ ಕಿವಿಯೊಳಗೂ ಒಂದು ಸೈಡ್ ಬಿಸಿನೆಸ್! ಮಗಳು ಕಣ್ಣೊರೆಸಿಕೊಳ್ಳುತ್ತಿದ್ದಳು, ನನಗೆ ಮಾತ್ರ ಇನ್ನಷ್ಟು ಕೇಳುವ ಆಸೆ.

ಆದರೆ ಮನೆಗೆ ಬಂದು ಬಾಲ್ಕನಿಗೆ ಹೋದಾಗ ಆ ಕುತೂಹಲವೆಲ್ಲ ಇಳಿಯಿತು.

ನಮ್ಮದು ಆರ್.ಟಿ. ನಗರದ ಒಂದು ಸಣ್ಣ ಕ್ರಾಸ್. ಎದುರು ಮನೆಯ ಮೊದಲ ಮಹಡಿಯಲ್ಲಿ ನನ್ನ ಗೆಳತಿ ಬಾಡಿಗೆಗಿದ್ದಳು. ಒಂದೇ ಕಾನ್ವೆಂಟಿನಲ್ಲಿ, ಒಂದೇ ಬೆಂಚಿನಲ್ಲಿ ಕೂತವರು ನಾವು. ಅವಳ ಮನೆಯಲ್ಲಿ ದಖನಿ, ನನ್ನ ಮನೆಯಲ್ಲಿ ಕನ್ನಡ, ಬೆಂಚಿನ ಮೇಲೆ ಸಿಸ್ಟರುಗಳ ಇಂಗ್ಲಿಷ್. ನಲವತ್ತರ ನಂತರ ಅವಳ ಕಿವಿ ಸ್ವಲ್ಪ ಸ್ವಲ್ಪವಾಗಿ ಹೋಯಿತು, ಕೊನೆಗೆ ಮಷೀನಿಗೂ ಬಗ್ಗಲಿಲ್ಲ. ಆಗಿನಿಂದ ಅವಳು ತುಟಿ ಓದುತ್ತಿದ್ದಳು. ಎಲ್ಲರದ್ದೂ ಅಲ್ಲ. "ನನ್ನ ಸೊಸೆ ತುಟಿ ಡಾಕ್ಟರ್ ಹ್ಯಾಂಡ್‌ರೈಟಿಂಗ್ ಕಣೇ. ನಿಂದು ಪ್ರಿಂಟೆಡ್ ಬುಕ್" ಅನ್ನೋಳು.

ಆ ಪ್ರಿಂಟಿಂಗ್ ಎಲ್ಲ ಕಾನ್ವೆಂಟಿನ ಸಿಸ್ಟರುಗಳ ಕೃಪೆ. ಉಚ್ಚಾರಣೆ ತಿದ್ದುವ ಎಲೊಕ್ಯೂಶನ್ ಕ್ಲಾಸಿನಲ್ಲಿ ಕೈಗನ್ನಡಿ ಹಿಡಿಸಿ, ತುಟಿ ಉರುಟು ಮಾಡು, ಅಗಲ ಮಾಡು, ಮುಚ್ಚು, ಬಿಡು ಅಂತ ಡ್ರಿಲ್ ಮಾಡಿಸೋರು. ಹೀಗಾಗಿ ನಾವಿಬ್ಬರು ಪ್ರತಿದಿನ ಬೆಳಿಗ್ಗೆ ಕಾಫಿ ಹಿಡಿದು ಬಾಲ್ಕನಿಯಲ್ಲಿ ನಿಂತು, ರಸ್ತೆಯ ಈ ಕಡೆಯಿಂದ ಆ ಕಡೆಗೆ ಗಂಟಲೇ ಬಳಸದೆ ಮಾತಾಡುತ್ತಿದ್ದೆವು. ಅಂದರೆ ನಾನು ಗಂಟಲು ಬಳಸುತ್ತಿರಲಿಲ್ಲ; ತನ್ನ ಧ್ವನಿ ತನಗೇ ಕೇಳದ ಅವಳು ಇಡೀ ಕ್ರಾಸಿಗೆ ಕೇಳುವ ಹಾಗೆ ಉತ್ತರ ಕೊಡೋಳು. ಪ್ರಶ್ನೆ ಗುಟ್ಟು, ಉತ್ತರ ಬಹಿರಂಗ. "ಹೌದಾ? ಆ ಮೂಲೆ ಮನೆಯವರಾ?" ಅಂತ ಅವಳು ಕೂಗಿದಾಗ ಮೂಲೆ ಮನೆಯವರ ಕಿಟಕಿ ತೆರೆದುಕೊಳ್ಳೋದು. ಎಲ್ಲರೂ ಮಾಸ್ಕ್ ಹಾಕಿಕೊಂಡ ಕಾಲದಲ್ಲಿ ಅವಳ ಪಾಲಿಗೆ ಊರೇ ಮೂಕವಾಗಿತ್ತು. ಆಗ ತುಟಿ ಕಂಡಿದ್ದು ಈ ಒಂದು ಬಾಲ್ಕನಿಯಲ್ಲಿ ಮಾತ್ರ.

ಆ ದಿನ ನಾನು ನಡೆದಿದ್ದನ್ನೆಲ್ಲ ಹೇಳಿದೆ. ಅವಳು ಕಂಬಿ ಹಿಡಿದು ಮುಂದೆ ಬಾಗಿದಳು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

"ಏನು? ಇನ್ನೊಂದ್ಸಲ ಹೇಳು."

ಹೇಳಿದೆ.

"ಏನೂ ಗೊತ್ತಾಗ್ತಿಲ್ಲ ಕಣೇ" ಅಂದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಅವಳ ಮನೆ ಮಾಲೀಕರು ಕಟ್ಟಡ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸಲು ಹೊರಟಿದ್ದರು. ಬೇಸಿಗೆ ಮುಗಿಯುವುದರೊಳಗೆ ಅವಳು ಹುಬ್ಬಳ್ಳಿಯ ಮಗಳ ಮನೆಗೆ ಹೋಗುವುದು ಆಗಲೇ ಗೊತ್ತಾಗಿತ್ತು. ನನ್ನ ತುಟಿ ಅದಕ್ಕೆ ಮುಂಚೆ ವಾಪಸ್ ಬರಬೇಕಿತ್ತು. ಚಂದಕ್ಕಲ್ಲ. ಉಳಿದಿದ್ದ ಕೆಲವು ತಿಂಗಳ ಮಾತು ಹಾಗೇ ಹಾಳಾಗಿ ಹೋಗಬಾರದು ಅಂತ.

ಫಿಸಿಯೋಥೆರಪಿಗೆ ಮತ್ತಿಕೆರೆಗೆ ಹೋಗುತ್ತಿದ್ದೆ. ಕಾಲೇಜು ಹುಡುಗರ ಪಿಜಿಗಳ ನಡುವೆ ಒಂದು ಕ್ಲಿನಿಕ್. ಅಲ್ಲಿ ವ್ಯಾಯಾಮ ಮಾಡಿಸುತ್ತಿದ್ದವಳು ವಿಜಯಪುರದ ಕಡೆಯ ಹುಡುಗಿ, ಚುರುಕು. ನನ್ನ ಪ್ರಶ್ನೆಗಳಿಗೆ ಬೇಸರಪಡುತ್ತಿರಲಿಲ್ಲ. ನನ್ನ ಎಡಗೈಯನ್ನೇ ಹಿಡಿದು ಎಡಕೆನ್ನೆಯ ಮೇಲೆ ಇಡಿಸಿದಳು. ಅಂಗೈ ಬುಡ ಕಿವಿಯ ಹತ್ತಿರ, ಬೆರಳುಗಳು ಬಿಡಿಸಿದ ಹಾಗೆ.

"ನರ ಇಲ್ಲಿ ಕಿವಿ ಕೆಳಗ ಹೊರಗ ಬರ್ತೈತ್ರಿ ಅಮ್ಮಾರ. ಆಮ್ಯಾಲೆ ಹಿಂಗ, ನಿಮ್ಮ ಬೆರಳಿನಂಗ ಐದು ಕವಲು ಒಡಿತೈತಿ. ಹೆಬ್ಬೆರಳು ಹಣಿಗೆ, ತೋರುಬೆರಳು ಕಣ್ಣಿಗೆ, ನಡುವಿಂದು ಗಲ್ಲಕ್ಕ ಮತ್ತ ಮ್ಯಾಲಿನ ತುಟಿಗೆ, ಉಂಗುರದ್ದು ಕೆಳಗಿನ ತುಟಿಗೆ, ಕಿರುಬೆರಳು ಕುತ್ತಿಗಿಗೆ."

ಎಷ್ಟು ವರ್ಷ ಯೋಚನೆ ಮಾಡುವಾಗಲೆಲ್ಲ ಹೀಗೇ ಕೆನ್ನೆಗೆ ಕೈಯಿಟ್ಟು ಕೂತಿದ್ದೇನೋ! ಒಳಗೆ ಇನ್ನೊಂದು ಕೈ ಇತ್ತು ಅಂತ ತಿಳಿದೇ ಇರಲಿಲ್ಲ.

ಅವಳಿಂದ ಇನ್ನೂ ಎಷ್ಟೋ ತಿಳಿದೆ. ಕೈಕಾಲಿನ ಸ್ನಾಯುಗಳು ಮೂಳೆಯಿಂದ ಮೂಳೆಗೆ ಕಟ್ಟಿಕೊಂಡಿರುತ್ತವೆ, ಮುಖದವು ಹಾಗಲ್ಲ, ಚರ್ಮವನ್ನೇ ಹಿಡಿದೆಳೆಯುತ್ತವೆ. ಅದಕ್ಕೇ ಮುಖದಲ್ಲಿ ಏನನ್ನೂ ಮುಚ್ಚಿಡುವುದು ಕಷ್ಟ. ಮುಖ ಆಡಿಸುವ ನರ ಬೇರೆ, ಸ್ಪರ್ಶ ಹೊತ್ತೊಯ್ಯುವ ನರ ಬೇರೆ. ಎಡಕೆನ್ನೆಯ ಮೇಲೆ ನೊಣ ಕೂತರೆ ಅದರ ಒಂದೊಂದು ಹೆಜ್ಜೆಯೂ ಗೊತ್ತಾಗುತ್ತಿತ್ತು, ಕೆನ್ನೆ ಕೊಡವಿ ಓಡಿಸಲು ಮಾತ್ರ ಆಗುತ್ತಿರಲಿಲ್ಲ. ಅಗಿಯುವ ಶಕ್ತಿಯೂ ಆ ಇನ್ನೊಂದು ನರದ್ದೇ. ಚಕ್ಕುಲಿ ಕಡಿಯಬಲ್ಲೆ, ಆದರೆ ಕಡಿದದ್ದು ಕೆನ್ನೆಯೊಳಗೆ ಹೋಗಿ ಕೂತುಬಿಡುವುದು. ಅದನ್ನು ಹಲ್ಲಿನ ನಡುವೆ ತಳ್ಳುವ ಕೆನ್ನೆಯ ಸ್ನಾಯುವಿಗೆ ಲ್ಯಾಟಿನ್ನಿನಲ್ಲಿ ತುತ್ತೂರಿ ಊದುವವನು ಅಂತ ಹೆಸರಂತೆ. ನನ್ನ ತುತ್ತೂರಿಯವನು ಎಡಗಡೆ ಸ್ಟ್ರೈಕ್ ಮಾಡಿದ್ದ.

ವಾರಗಳು ಕಳೆದಂತೆ ಒಂದೊಂದೇ ಬಂತು. ಮೊದಲು ಕಣ್ಣು ಮುಚ್ಚಿತು. ತಟ್ಟೆ ಎರಡು ಕಿವಿಗೂ ತಟ್ಟೆಯಾಯಿತು. ಕಾಫಿ ರುಚಿ ನಾಲಗೆಯ ಎಡಗಡೆಗೂ ತಿಳಿಯಿತು. ಅದೂ ಈ ನರದ್ದೇ ಕೆಲಸ ಅಂದಾಗ ಇದಕ್ಕೆ ರಜವೇ ಇಲ್ಲವೇನೋ ಅನ್ನಿಸಿತು. ಆದರೆ ಒಂದು ವ್ಯಾಯಾಮದಲ್ಲಿ ಮಾತ್ರ ಪ್ರತಿಸಲವೂ ಫೇಲ್.

"ಸೀಟಿ ಹೊಡೀರಿ ಅಮ್ಮಾರ."

ತುಟಿ ಕೂಡಿಸುತ್ತಿದ್ದೆ, ಊದುತ್ತಿದ್ದೆ. ಫೂ ಅಂತ ಗಾಳಿ. ಸಿಳ್ಳೆ ಬರಲಿಲ್ಲ. ಮುಂದಿನ ವಾರ ಮತ್ತೆ ಫೂ. ಹುಡುಗಿ ತಲೆ ಓರೆ ಮಾಡಿ ನೋಡಿದಳು. ಆಮೇಲೆ ಮಗಳನ್ನು ಪಕ್ಕಕ್ಕೆ ಕರೆದು, "ತುಟಿ ಕವಲು ಇನ್ನೂ ತ್ರಾಸ ಕೊಡಾಕತ್ತೈತಿ ಅನಸ್ತೈತ್ರಿ, ದೊಡ್ಡ ಡಾಕ್ಟರಿಗೆ ಒಮ್ಮೆ ತೋರಸ್ರಿ" ಅಂದಳು. ಮಗಳು ಅವತ್ತೇ ಫೋನಿನಲ್ಲಿ ಮುಖದ ನರದ ಆಪರೇಷನ್ ಬಗ್ಗೆ ಓದಲು ಶುರುಮಾಡಿದಳು. ನನಗೂ ಹೆದರಿಕೆ ಹತ್ತಿತು. ತುಟಿಯೇ ತಾನೇ ನನಗೆ ಬೇಕಾಗಿದ್ದುದು?

ಮುಂದಿನ ಸಲ ಗೆಳತಿ ತಾನೂ ಬರುತ್ತೇನೆ ಅಂತ ಆಟೋ ಹತ್ತಿದಳು. ಕ್ಲಿನಿಕ್ಕಿನಲ್ಲಿ ನನ್ನೆದುರಿಗೇ ಸ್ಟೂಲ್ ಹಾಕಿಕೊಂಡು ಕೂತಳು. ನಾನು ತುಟಿ ಕೂಡಿಸಿ ಫೂ ಅಂದೆ. ಹುಡುಗಿ ಬೇಜಾರಿನಿಂದ ತಲೆ ಆಡಿಸಿದಳು.

"ಏನ್ ಮಾಡಿಸ್ತಿದ್ದೀಯಮ್ಮ ಇವಳ ಕೈಲಿ?" ಅಂದಳು ಗೆಳತಿ.

ಹುಡುಗಿ ಅವಳ ಕಡೆ ತಿರುಗಿ, ತುಟಿ ಕಾಣುವ ಹಾಗೆ, "ಸೀಟಿ ರೀ. ಬರವಲ್ದು" ಅಂದಳು.

ಗೆಳತಿ ನಕ್ಕಳು ನೋಡಿ! ಪಕ್ಕದ ಕೋಣೆಯಲ್ಲಿ ಮೊಣಕಾಲಿಗೆ ಕರೆಂಟ್ ಕೊಡಿಸಿಕೊಳ್ಳುತ್ತಿದ್ದವರು ಪರದೆ ಸರಿಸಿ ಇಣುಕಿದರು.

"ಇವಳಾ? ಸೀಟಿಯಾ? ಯಾ ಅಲ್ಲಾ! ಇವಳು ಹುಟ್ಟಿದಾಗಿಂದ ಸೀಟಿ ಹೊಡೆದೋಳಲ್ಲ. ಚಾಪೆಲ್ ಹಿಂದೆ ನಾನು ಹೊಡೆದು ಮೊಣಕಾಲ ಮೇಲೆ ನಿಂತಿದ್ದೆ, ಇವಳು ಗುಡ್ ಗರ್ಲ್, ಬೈಬಲ್ ಹಿಡ್ಕೊಂಡು ನಿಂತಿದ್ಲು. ಇಲ್ಲದೇ ಇದ್ದದ್ದು ವಾಪಸ್ ಎಲ್ಲಿಂದ ಬರುತ್ತೆ?"

ಎಲ್ಲರೂ ನನ್ನ ಕಡೆ ನೋಡಿದರು. ನಿಜ. ಹೆಣ್ಣುಮಕ್ಕಳು ಸಿಳ್ಳೆ ಹಾಕಬಾರದು ಅಂತ ಸಿಸ್ಟರು ಹೇಳಿದ್ದು ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ನಾನು ಒಮ್ಮೆಯೂ ಪ್ರಯತ್ನಪಟ್ಟೇ ಇರಲಿಲ್ಲ. ಪಟ್ಟಿರಲಿಲ್ಲ ಅನ್ನುವುದೂ ನನಗೆ ಹೊಳೆದಿರಲಿಲ್ಲ. ತುಟಿಗಳಿದ್ದವರಿಗೆಲ್ಲ ಸಿಳ್ಳೆ ಬಂದೇ ಬರುತ್ತದೆ, ನನ್ನದನ್ನು ಕಾಯಿಲೆ ಒಯ್ದಿದೆ ಅಂತಲೇ ನಂಬಿದ್ದೆ.

"ಮೊದಲ ಹೇಳಬಾರದೇನ್ರಿ ಅಮ್ಮಾರ!" ಅಂತ ಹುಡುಗಿ ಹಣೆ ಚಚ್ಚಿಕೊಂಡಳು. ಮಗಳು ಫೋನ್ ಬ್ಯಾಗಿಗೆ ಹಾಕಿದಳು.

ಅಲ್ಲಿಂದ ಮುಂದೆ ಗೆಳತಿಯೇ ನನ್ನ ಸಿಳ್ಳೆ ಮೇಷ್ಟರು. ಮಧ್ಯಾಹ್ನ ನಮ್ಮ ಹಾಲಿನಲ್ಲಿ ಎದುರುಬದುರು ಕೂತು, ತನ್ನ ಅಂಗೈಯನ್ನು ನನ್ನ ತುಟಿಯ ಮುಂದೆ ಹಿಡಿಯೋಳು. ಸದ್ದು ಬಂತೋ ಇಲ್ಲವೋ ಅವಳಿಗೆ ಹೇಗೆ ತಿಳಿಯಬೇಕು? ಗಾಳಿ ಅಂಗೈಗೆ ಹೇಗೆ ತಾಗುತ್ತದೆ ಅನ್ನುವುದೇ ಅವಳ ಅಳತೆ.

"ಅಗಲ ಇದೆ, ಬಿಸಿ ಇದೆ. ಇನ್ನೂ ಸಣ್ಣ ಮಾಡು. ತಣ್ಣಗೆ ಬರಬೇಕು, ದಾರದ ಹಾಗೆ. ಏ, ಎಡಗಡೆ ಲೀಕ್!"

ಎಡಗಡೆಯ ತುಟಿಯನ್ನು ಬೆರಳಿನಿಂದ ಒತ್ತಿ ಹಿಡಿಯೋಳು. ಎಲೊಕ್ಯೂಶನ್ ಸಿಸ್ಟರು ನೋಡಿದ್ದರೆ ಏನನ್ನುತ್ತಿದ್ದರೋ. ಹತ್ತಿರ ಕೂತಾಗ ನನ್ನ ಮಾತು ಅವಳಿಗೆ ಮತ್ತೆ ತಿಳಿಯತೊಡಗಿತು. ಬಾಲ್ಕನಿಯಿಂದ ಮಾತ್ರ ಆಗಲಿಲ್ಲ. "ಮಧ್ಯೆ ಮಧ್ಯೆ ಪೇಜ್ ಹರಿದು ಹೋಗಿದೆ" ಅನ್ನೋಳು. ಅವಳ ಮನೆಯ ಸಾಮಾನು ಲಾರಿಗೆ ಏರಿದ ಬೆಳಿಗ್ಗೆಯೂ ರಸ್ತೆಯಾಚೆಯಿಂದ ನಾನು ಹೇಳಿದ್ದರಲ್ಲಿ ಅರ್ಧ ಅವಳಿಗೆ ಸಿಗಲಿಲ್ಲ.

ಆಮೇಲೆ ಹುಬ್ಬಳ್ಳಿಯಿಂದ ವಿಡಿಯೋ ಕಾಲ್ ಮಾಡುತ್ತಿದ್ದಳು, ಆದರೆ ಆ ಸಣ್ಣ ಸ್ಕ್ರೀನಿನಲ್ಲಿ ತುಟಿ ಚೂರುಚೂರಾಗಿ ಕಾಣುತ್ತದೆ. ಅದನ್ನು ನಾನು ನೋಡಿದ ಲೆಕ್ಕಕ್ಕೆ ಸೇರಿಸುವುದಿಲ್ಲ. ಮುಂದಿನ ರಂಜಾನಿನ ಹೊತ್ತಿಗೆ ಅವಳೇ ಇರಲಿಲ್ಲ. ಹಾಗಾಗಿ ಕೊನೆಯ ಸಲ ನೋಡಿದ್ದು ಯಶವಂತಪುರ ಸ್ಟೇಷನ್ನಿನಲ್ಲಿ.

ಅವಳನ್ನು ಅವಳ ಮಗಳು ಎಸಿ ಬೋಗಿಯಲ್ಲಿ ಕೂರಿಸಿದಳು. ಕಿಟಕಿಗೆ ತೆರೆಯಲಾಗದ ಕಪ್ಪು ಗಾಜು. ಒಳಗಿನವರಿಗೆ ನಾವು ಕಾಣುತ್ತೇವೆ, ನಮಗೆ ಅವರು ಕಾಣುವುದಿಲ್ಲ. ಪ್ಲಾಟ್‌ಫಾರ್ಮಿನ ಉದ್ದಕ್ಕೂ ಜನ ಗಾಜಿಗೆ ಬಾಯಿ ಹಚ್ಚಿ, ಊಟ ಮಾಡು, ಫೋನ್ ಮಾಡು ಅಂತ ಕೂಗುತ್ತಿದ್ದರು. ಒಳಗೆ ಯಾರಿಗೂ ಏನೂ ಕೇಳುತ್ತಿರಲಿಲ್ಲ. ನಾನು ಬಾಲ್ಕನಿಯಷ್ಟು ದೂರ ಹಿಂದೆ ಸರಿದು ಕಂಬದ ಪಕ್ಕ ನಿಂತೆ. ಗಂಟಲು ಬಳಸದೆ, ಸಿಸ್ಟರುಗಳ ಡ್ರಿಲ್ಲಿನ ಹಾಗೆ ಒಂದೊಂದೇ ಅಕ್ಷರ ಬಿಡಿಸಿ, ತುಟಿಯ ಎರಡೂ ಬದಿಯಿಂದ ಹೇಳಿದೆ: "ನೀರಿನ ಬಾಟಲಿ ಇದೆಯಾ?"

ಸ್ವಲ್ಪ ಹೊತ್ತು ಬರೀ ಗಾಜು. ನಂತರ ಅದರೊಳಗಿಂದ ನೀಲಿ ಬಾಟಲಿಯ ತಳ ಬಂದು ಅಂಟಿಕೊಂಡಿತು.

"ಚಪಾತಿ ಮೊದಲು ತಿನ್ನು, ಮೊಸರನ್ನ ಆಮೇಲೆ."

ಡಬ್ಬಿ ಬಂದು ಗಾಜಿಗೆ ತಾಗಿತು.

ಈ ಸಲ ಒಂದು ಮಾತೂ ತಪ್ಪಲಿಲ್ಲ. ಮನಸ್ಸಿಗೆ ಬಂದಿದ್ದನ್ನೆಲ್ಲ ಹೇಳಿದೆ; ಬಾಲ್ಕನಿಯಿಂದ ಹೇಳಲಾಗದೆ ಉಳಿದಿದ್ದನ್ನೂ, ಮೂಲೆ ಮನೆಯವರ ಹೊಸ ಸಮಾಚಾರವನ್ನೂ. ರೈಲು ಒಮ್ಮೆ ಅಲುಗಾಡಿತು. ಡಬ್ಬಿ ಹೋಗಿ ಅಲ್ಲಿ ಅವಳ ಅಂಗೈ ಬಂತು, ಐದು ಬೆರಳೂ ಬಿಡಿಸಿ ಗಾಜಿಗೆ ಒತ್ತಿದ್ದು, ಮಧ್ಯಾಹ್ನಗಳಲ್ಲಿ ನನ್ನ ತುಟಿಯ ಮುಂದೆ ಹಿಡಿಯುತ್ತಿದ್ದ ಹಾಗೆಯೇ. ಮುಖ ಕಾಣಲಿಲ್ಲ. ನಾನು ತುಟಿ ಸಣ್ಣ ಮಾಡಿದೆ, ದಾರದ ಹಾಗೆ, ತಣ್ಣಗೆ. ಪಕ್ಕದಲ್ಲಿ ಹೋಗುತ್ತಿದ್ದ ಕೂಲಿಯವರು ತಲೆಯ ಮೇಲಿನ ಸೂಟ್‌ಕೇಸ್ ಹಿಡಿದುಕೊಂಡೇ ತಿರುಗಿ, ಸಿಳ್ಳೆ ಹಾಕಿದ್ದು ಈ ಅಜ್ಜಿಯೇನಾ ಅಂತ ನನ್ನನ್ನು ನೋಡಿದರು. ಅಂಗೈ ಗಾಜಿನ ಮೇಲೇ ಇತ್ತು. ರೈಲು ಅದನ್ನು ಹಾಗೆಯೇ ಹುಬ್ಬಳ್ಳಿಯ ದಿಕ್ಕಿಗೆ ತೆಗೆದುಕೊಂಡು ಹೋಯಿತು.